ಬಸುರಿಯರಿಗೆ ಆ್ಯಪ್ ಸಾಕಾ, ತಾಯಿ ಕಾರ್ಡೇ ಬೇಕಾ?

ಎರಡೂ ಇರಲಿ, ಆದರೆ ಒಂದೇ ಅಂದರೆ ನಾನು ಕಾರ್ಡ್ ಅಂತೀನಿ. ತಾಯಿ ಕಾರ್ಡ್ ಅಂದರೆ ಬಸುರಿಯರ ತಪಾಸಣೆ ಬರೆದಿಡೋಕೆ ಸರ್ಕಾರ ಕೊಡುವ ಕಾರ್ಡ್.

ವಾರದ ಲೆಕ್ಕಕ್ಕೆ ಆ್ಯಪ್ ಸಲೀಸು. ಕೊನೆಯ ಮುಟ್ಟಿನ ಮೊದಲ ದಿನ ಹಾಕಿದರೆ 280 ದಿನ ಕೂಡಿಸಿ ಹೆರಿಗೆ ದಿನ ಹೇಳುತ್ತದೆ. ಮುಟ್ಟು ಏರುಪೇರಾಗುವವರಿಗೆ ಅದು ತಪ್ಪಬಹುದು, ಹಾಗಾಗಿ ಮೊದಲ ಮೂರು ತಿಂಗಳ ಸ್ಕ್ಯಾನಿಂಗ್‌ನಲ್ಲಿ ಬಂದ ದಿನಾಂಕವನ್ನೇ ನಂಬಿ. ಮಾತ್ರೆ ನೆನಪಿಸೋದಕ್ಕೂ ಒಳ್ಳೇದು. ಊಟದ ಪಟ್ಟಿಯಲ್ಲಿ ಮಾತ್ರ ಕೆಲವದರಲ್ಲಿ ಆವಕಾಡೊ ಇರುತ್ತೆ, ಹಿತ್ತಲಿನ ಬಸಳೆ ಸೊಪ್ಪು ಇರಲ್ಲ!

ತಾಯಿ ಕಾರ್ಡ್‌ನಲ್ಲಿ ಬಿಪಿ, ತೂಕ, ಹಿಮೋಗ್ಲೋಬಿನ್, ಟಿಡಿ (ಧನುರ್ವಾಯು, ಡಿಫ್ತೀರಿಯಾ ತಡೆಯುವ) ಚುಚ್ಚುಮದ್ದು ಎಲ್ಲ ತಪಾಸಣೆ ಮಾಡಿದವರೇ ಬರೆದಿರುತ್ತಾರೆ. ಆಗುಂಬೆ, ಹೊಸನಗರ ಕಡೆ ಆಷಾಢದ ಮಳೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋದಾಗ, ರಾತ್ರೋರಾತ್ರಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಓಡಬೇಕಾದರೆ ಕೈಯಲ್ಲಿರಬೇಕಾದ್ದು ಅದೇ. ಪ್ಲಾಸ್ಟಿಕ್ ಕವರ್‌ನಲ್ಲಿಡಿ, ಫೋಟೋನೂ ತೆಗೆದಿಟ್ಟುಕೊಳ್ಳಿ.

ಬಿಪಿ 140/90 ಮುಟ್ಟಿದರೆ, ವಿಪರೀತ ತಲೆನೋವು, ಕಣ್ಣು ಮಂಜು, ರಕ್ತಸ್ರಾವ ಆದರೆ, ಮಗು ಅಲುಗಾಡೋದು ಕಡಿಮೆ ಅನ್ನಿಸಿದರೆ ಆ್ಯಪ್ ಕೇಳುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108.

ಆ್ಯಪ್ ಹಾಕಿಕೊಳ್ಳುವವರು ಕನ್ನಡ ಇದೆಯಾ ನೋಡಿ. ಕಾಂಟ್ಯಾಕ್ಟ್ ಲಿಸ್ಟ್ ನೋಡೋಕೆ ಅನುಮತಿ ಕೇಳಿದರೆ ಕೊಡಬೇಡಿ; ಹೆರಿಗೆ ದಿನ ಹೇಳೋದಕ್ಕೆ ಅದು ಸುಮ್ನೆ ಯಾಕೆ ಬೇಕು?