ಹಾಟ್ ರಾಡ್ ಫೆಂಡರ್‌ಗೆ ಯಾವ ಗುಜರಿ ತಗಡು? ಬೀರು, ವಾಷಿಂಗ್ ಮೆಷಿನ್, ಡ್ರಮ್ಮು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೆ ಸ್ಟೀಲ್ ಬೀರುವಿನ ಬಾಗಿಲಿಗೆ.

ನನ್ನ ಹಾಟ್ ರಾಡ್‌ನ, ಅಂದರೆ ವೇಗಕ್ಕಾಗಿ ಮಾರ್ಪಡಿಸಿದ ಹಳೆ ಕಾರಿನ, ಹಿಂದಿನ ಎರಡು ಫೆಂಡರ್ (ಚಕ್ರದ ಮೇಲಿನ ತಗಡಿನ ಹೊದಿಕೆ) ಮತ್ತು ಹಿಂಬದಿಯ ಕೆಳ ಪ್ಯಾನ್ (ಕಾರಿನ ಹಿಂದೆ ಕೆಳಗೆ ಮುಚ್ಚುವ ಬಾಗಿದ ತಗಡು), ಮೂರನ್ನೂ ಗುಜರಿ ತಗಡಿನಲ್ಲೇ ಮಾಡಿದೆ. ಎಡಗಡೆಯದಕ್ಕೆ ವಾಷಿಂಗ್ ಮೆಷಿನ್‌ನ ಪಕ್ಕದ ತಗಡು, ಬಲಗಡೆಯದಕ್ಕೆ ಬೀರುವಿನ ಬಾಗಿಲು, ಪ್ಯಾನ್‌ಗೆ 200 ಲೀಟರ್‌ನ ಡ್ರಮ್ಮು. ಎಡಗಡೆಯ ಫೆಂಡರ್ ಎರಡು ಸಲ ಮಾಡಬೇಕಾಯಿತು. ಎರಡನೇ ಸಲ ಅದಕ್ಕೂ ಬೀರುವೇ ಬಂತು.

ವಾಷಿಂಗ್ ಮೆಷಿನ್ ತಗಡು ನೋಡಲು ಬಹಳ ಚೆನ್ನಾಗಿರುತ್ತದೆ. ದೊಡ್ಡದು, ಸಪಾಟು, ಒಂದು ಚೂರೂ ತುಕ್ಕಿಲ್ಲ. ತುಕ್ಕಿಲ್ಲ ಅಂತ ಖುಷಿಪಟ್ಟೆನೇ ಹೊರತು ಯಾಕಿಲ್ಲ ಅಂತ ಯೋಚಿಸಲಿಲ್ಲ. ಬಣ್ಣದ ಕೆಳಗೆ ಸತುವಿನ ಲೇಪ ಇತ್ತು. ಒಂದು ಬದಿಯ ಬಣ್ಣ ಉಜ್ಜಿ ತೆಗೆದು, ಇನ್ನೊಂದು ಬದಿ ಹಾಗೇ ಬಿಟ್ಟು ವೆಲ್ಡಿಂಗ್‌ಗೆ ಕೂತೆ.

ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬೇಕು. ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಅಂದರೆ ಉಕ್ಕು ಕರಗುವ ಹೊತ್ತಿಗೆ ಸತು ಹೊಗೆಯಾಗಿ ಹೊರಗೆ ನುಗ್ಗುತ್ತಿರುತ್ತದೆ. ಪಟಪಟ ಅಂತ ಸಿಡಿಯಿತು. ಬೆಸುಗೆಯ ಪಕ್ಕದಲ್ಲಿ ಬಿಳಿ ಬೂದಿ ಹತ್ತಿಯ ಹಾಗೆ ಕೂತಿತು. ಉಜ್ಜಿ ನೋಡಿದರೆ ಬೆಸುಗೆ ತುಂಬಾ ಸೂಜಿ ತೂತು. ತೂತು ಮುಚ್ಚಲು ಮತ್ತೆ ಕಾಯಿಸಿದೆ, ಮತ್ತೆ ತೂತು. 0.6 ಮಿ.ಮೀ. ತಗಡು ಅಷ್ಟು ಬಿಸಿ ತಡೆಯುತ್ತದಾ? ಫೆಂಡರ್ ನಡುವೆ ಉಬ್ಬಿಕೊಂಡಿತು. ಹೆಬ್ಬೆರಳಿನಿಂದ ಒತ್ತಿದರೆ ಡಬ್ಬಿಯ ಮುಚ್ಚಳದ ಹಾಗೆ ಟಪ್ ಅಂತ ಒಳಗೆ, ಬಿಟ್ಟರೆ ಹೊರಗೆ.

ಅದಕ್ಕಿಂತ ಕೆಟ್ಟದ್ದು ಆ ರಾತ್ರಿಯದು. ಬಾಯಲ್ಲಿ ಒಂಥರಾ ಸಿಹಿ ಲೋಹದ ರುಚಿ, ಆಮೇಲೆ ಚಳಿ, ನಡುಕ, ಜ್ವರ. ಸತುವಿನ ಹೊಗೆ ಕುಡಿದರೆ ಹೀಗಾಗುತ್ತದೆ. ನನಗೆ ಮರುದಿನ ಇಳಿಯಿತು, ಆದರೆ ಆ ರಾತ್ರಿ ನಿಜಕ್ಕೂ ಹೆದರಿದ್ದೆ. ನೀವು ಆ ತಗಡು ತರಲೇಬೇಕು ಅಂದರೆ, ಬಣ್ಣ ಕೆರೆದ ಜಾಗಕ್ಕೆ ಕೈಗವಸು ಹಾಕಿ, ಬಯಲಲ್ಲಿ, ಟಾಯ್ಲೆಟ್ ತೊಳೆಯುವ ಆಸಿಡ್ ಒಂದು ಹನಿ ಬಿಡಿ. ತಕ್ಷಣ ಬುಸ್ ಅಂತ ನೊರೆ ಬಂದರೆ ಅದು ಸತು. ಎರಡೂ ಬದಿ ಪೂರ್ತಿ ತೆಗೆಯದೆ ಬೆಂಕಿ ತೋರಿಸಬೇಡಿ.

ಬೀರುವಿನ ಬಾಗಿಲಲ್ಲಿ ಈ ರಗಳೆ ಇರಲಿಲ್ಲ. ನನಗೆ ಸಿಕ್ಕಿದ್ದು 0.9 ಮಿ.ಮೀ., ಅಂದರೆ 20 ಗೇಜ್. ಬಣ್ಣದ ಕೆಳಗೆ ಬರೀ ಉಕ್ಕು. ಮರಳು ಚೀಲದ ಮೇಲಿಟ್ಟು ಕೊಡತಿಯಿಂದ ಅಂಚಿನಿಂದ ನಡುವಿಗೆ ಸುತ್ತು ಸುತ್ತಾಗಿ ಬಡಿದರೆ, ಹೇಳಿದ ಮಾತು ಕೇಳುವ ಮಗುವಿನ ಹಾಗೆ ಬಾಗುತ್ತದೆ. ಆಮೇಲೆ ಕೆಳಗೆ ಡಾಲಿ, ಅಂದರೆ ಕೈಯಲ್ಲಿ ಹಿಡಿಯುವ ಉಕ್ಕಿನ ಗಟ್ಟಿ, ಹಿಡಿದು ಸುತ್ತಿಗೆಯಲ್ಲಿ ನಯ ಮಾಡುವಾಗ ಕಿವಿ ಕೊಡಬೇಕು. ತಗಡು ಡಾಲಿಗೆ ಕೂತಿಲ್ಲದಿದ್ದರೆ ಡಬ್ ಅನ್ನುತ್ತದೆ, ಕೂತರೆ ಟಣ್ ಅನ್ನುತ್ತದೆ. ಆ ಟಣ್ ಕೇಳಿದಾಗ ಆಗುವ ಸಂತೋಷವೇ ಬೇರೆ. ಬೀಗದ ತೂತೊಂದಕ್ಕೆ ತೇಪೆ ಹಾಕಬೇಕಾಯಿತು, ಅಷ್ಟೇ.

ಡ್ರಮ್ಮಿನ ಲಾಭ ಅದರ ಸಿದ್ಧ ಬಾಗು. 1946ರಲ್ಲಿ ಅಮೆರಿಕದ ಬಿಲ್ ಬರ್ಕ್ ಯುದ್ಧವಿಮಾನದ ಹೆಚ್ಚುವರಿ ಇಂಧನ ಟ್ಯಾಂಕನ್ನೇ ರೇಸ್ ಕಾರಿನ ಬಾಡಿ ಮಾಡಿಕೊಂಡಿದ್ದರು. ಬಾಗು ತಾನಾಗಿ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ ಅಲ್ವಾ? ಪ್ಯಾನ್ ಒಂದೇ ಸಂಜೆಗೆ ಆಯಿತು. ಆದರೆ ನನ್ನ ಡ್ರಮ್ಮು 1.2 ಮಿ.ಮೀ., ಫೆಂಡರ್‌ನ ಉಬ್ಬು ಅದರಲ್ಲಿ ತರಲು ಹೋದರೆ ಭುಜ ಬಿದ್ದುಹೋಗುತ್ತದೆ. ಇನ್ನೊಂದು ಮಾತು. ಖಾಲಿ ಡ್ರಮ್ಮಿನೊಳಗೆ ಎಣ್ಣೆ, ಥಿನ್ನರ್ ಆವಿ ಉಳಿದಿದ್ದರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ನಾನು ತಂದದ್ದು ಮೊದಲೇ ಮೇಲ್ಭಾಗ ತೆಗೆದು ತೊಳೆದಿದ್ದನ್ನು. ಕತ್ತರಿಸಿದ್ದೂ ಕೈ ಕತ್ತರಿಯಲ್ಲೇ.

ಹೊಸ ಕಾರುಗಳ ಬಾನೆಟ್ ಬೇಡ, ಬಡಿದಷ್ಟೂ ಹಿಂದಕ್ಕೆ ಚಿಮ್ಮುತ್ತದೆ.

ನನ್ನ ಹತ್ತಿರ ಇರುವುದು ಮಿಗ್ ವೆಲ್ಡರ್ (ತಂತಿ ತಾನಾಗಿ ಬರುವ ವೆಲ್ಡಿಂಗ್ ಯಂತ್ರ) ಮಾತ್ರ. ತಗಡನ್ನು ಎರಡು ಚಕ್ರದ ನಡುವೆ ಹಾಯಿಸಿ ಬಾಗಿಸುವ ಇಂಗ್ಲಿಷ್ ವ್ಹೀಲ್ ಇಲ್ಲ, ಕೊಳ್ಳುವಷ್ಟು ದುಡ್ಡೂ ಇಲ್ಲ. ಸಂಜೆ ಎರಡು ಗಂಟೆ ಸಿಗುತ್ತದೆ. 25 ಮಿ.ಮೀ.ಗೊಂದು ಚುಕ್ಕಿ ಬೆಸುಗೆ ಹಾಕಿ, ಕೈ ಇಟ್ಟರೆ ಸುಡದಷ್ಟು ಆರಿದ ಮೇಲೆ ಮುಂದಿನದು ಹಾಕುವವನು ನಾನು. ಈ ನಿಧಾನದ ಕೆಲಸಕ್ಕೆ ಬೀರುವಿನ ತಗಡೇ ಸರಿ. ಇನ್ನೆರಡು ಬಾಗಿಲು ತಂದು ಗೋಡೆಗೆ ಒರಗಿಸಿದ್ದೇನೆ, ಬಾನೆಟ್‌ನ ಎರಡು ಪಕ್ಕಕ್ಕೆ.