ಚಕ್ರ ಬಿಚ್ಚಿ ನೋಡದೆ ಬೆಲೆ ಹೇಳದ ಗ್ಯಾರೇಜ್

ಮಡಿಕೇರಿಯಲ್ಲಿ ಮಂಗಳೂರು ರಸ್ತೆ ಕಡೆ ಒಂದು ಚಿಕ್ಕ ಗ್ಯಾರೇಜ್ ಇದೆ. ಬೋರ್ಡ್ ಇಲ್ಲ. ತಗಡಿನ ಶೆಡ್, ಎರಡು ಕಾರು ನಿಲ್ಲುವಷ್ಟು ಜಾಗ, ಎದುರಿಗೆ ಒಂದು ಸಿಲ್ವರ್ ಓಕ್ ಮರ. ನಾನು ಅಲ್ಲಿ ಮಾಡಿಸಿದ್ದು ಬ್ರೇಕ್ ಕೆಲಸ ಮಾತ್ರ, ಹಾಗಾಗಿ ಅದನ್ನಷ್ಟೇ ಹೇಳುತ್ತೇನೆ.

ನಾನು ಸುಂಟಿಕೊಪ್ಪ ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ತೋಟದ ಲೆಕ್ಕಪತ್ರ ನೋಡಿಕೊಳ್ಳುವವನು. ನನ್ನದು 2014ರ ವ್ಯಾಗನ್ ಆರ್. ಅಮ್ಮ ಸುಳ್ಯದಲ್ಲಿದ್ದಾರೆ. ಹದಿನೈದು ದಿನಕ್ಕೊಮ್ಮೆಯಾದರೂ ಸಂಪಾಜೆ ಘಾಟಿ ಇಳಿಯಲೇಬೇಕು. ಮಡಿಕೇರಿ ಸಮುದ್ರ ಮಟ್ಟಕ್ಕಿಂತ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮದೆನಾಡು, ಜೋಡುಪಾಲ, ಕೊಯನಾಡು ದಾಟಿ ಸಂಪಾಜೆ ಸೇರುವ ತನಕ ಇಳಿಜಾರು, ತಿರುವು, ಮತ್ತೆ ಇಳಿಜಾರು. ಎಂಟು ತಿಂಗಳ ಹಿಂದಷ್ಟೇ ಬೇರೆ ಊರಿನ ಒಂದು ವರ್ಕ್‌ಶಾಪಿನಲ್ಲಿ ಮುಂದಿನ ಚಕ್ರಗಳಿಗೆ ಹೊಸ ಪ್ಯಾಡ್ (ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆ, ಅಂದರೆ ಡಿಸ್ಕನ್ನು, ಎರಡೂ ಬದಿಯಿಂದ ಒತ್ತಿ ಹಿಡಿಯುವ ಬಿಲ್ಲೆ) ಹಾಕಿಸಿದ್ದೆ. ಆ ಧೈರ್ಯದ ಮೇಲೆ ಓಡಾಡುತ್ತಿದ್ದೆ.

ಹೋದ ಜುಲೈಯಲ್ಲಿ ಬ್ರೇಕ್ ಒತ್ತಿದಾಗ ಕಿಯ್ ಅಂತ ಶಬ್ದ ಶುರುವಾಯಿತು. ಮಳೆಗಾಲ ಅಲ್ವಾ, ಡಿಸ್ಕ್ ಮೇಲೆ ತುಕ್ಕು ಬಂದಿರುತ್ತದೆ ಅಂತ ಬಿಟ್ಟುಬಿಟ್ಟೆ. ಅದು ನನ್ನ ತಪ್ಪು. ರಾತ್ರಿ ಮಳೆಯಲ್ಲಿ ನಿಂತ ಗಾಡಿಯ ಡಿಸ್ಕ್‌ಗೆ ತೆಳ್ಳಗೆ ತುಕ್ಕು ಹತ್ತುವುದು ನಿಜ. ಆದರೆ ಬೆಳಿಗ್ಗೆ ನಾಲ್ಕೈದು ಸಲ ಬ್ರೇಕ್ ಹಾಕಿದರೆ ಆ ಗರಗರ ಹೋಗುತ್ತದೆ. ನನ್ನದು ಮಧ್ಯಾಹ್ನವಾದರೂ ಹೋಗುತ್ತಿರಲಿಲ್ಲ. ಪ್ಯಾಡಿನ ಹಿಂದೆ ಒಂದು ಚಿಕ್ಕ ಲೋಹದ ನಾಲಿಗೆ ಇರುತ್ತದೆ. ಪ್ಯಾಡ್ ಸವೆದು ತೀರಾ ತೆಳುವಾದಾಗ ಅದು ಡಿಸ್ಕ್‌ಗೆ ತಾಗಿ ಕೂಗುತ್ತದೆ. ಕೂಗಲೆಂದೇ ಇಟ್ಟಿರುವುದು.

ಒಂದು ಶನಿವಾರ ಜೋಡುಪಾಲ ದಾಟುವಾಗ ನನ್ನ ಹೆಂಡತಿ, "ಏನ್ರೀ ಇದು ಸುಟ್ಟ ವಾಸನೆ?" ಅಂದಳು. ಮುಂದಿನ ತಿರುವಿನಲ್ಲಿ ಪೆಡಲ್ ಮೆತ್ತಗಾಗಿ ಎಂದಿಗಿಂತ ಕೆಳಗೆ ಹೋಯಿತು. ಎರಡನೇ ಗೇರಿಗೆ ಹಾಕಿ, ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದೆ. ಎಡಗಡೆ ಮುಂದಿನ ಚಕ್ರದ ಹತ್ತಿರ ಕೈ ಒಯ್ಯಲಿಕ್ಕೂ ಆಗದಷ್ಟು ಬಿಸಿ. ಬಲಗಡೆ ಅಷ್ಟಿರಲಿಲ್ಲ. ಮುಕ್ಕಾಲು ಗಂಟೆ ಮಳೆಯಲ್ಲೇ ನಿಂತು, ಪೆಡಲ್ ಗಟ್ಟಿಯಾದ ಮೇಲೆ ನಿಧಾನವಾಗಿ ವಾಪಸ್ ಹತ್ತಿದೆವು.

ಸೋಮವಾರ ಆ ಹಳೆಯ ವರ್ಕ್‌ಶಾಪಿಗೆ ಫೋನ್ ಮಾಡಿದೆ. ಗಾಡಿ ನೋಡದೆಯೇ, ಪ್ಯಾಡೂ ಡಿಸ್ಕೂ ಎರಡೂ ಹೊಸದು ಹಾಕಬೇಕು, ಹತ್ತು ಸಾವಿರದ ಹತ್ತಿರ ಆಗುತ್ತದೆ ಅಂದರು. ತೋಟದ ಜೀಪ್ ಡ್ರೈವರ್ ಈ ಗ್ಯಾರೇಜ್ ಹೇಳಿದ.

ಇಲ್ಲಿನ ಮೆಕ್ಯಾನಿಕ್ ಬೆಲೆ ಹೇಳಲೇ ಇಲ್ಲ. "ಬಿಚ್ಚಿ ನೋಡುವಾ ರೈಟರೇ, ಆಮೇಲೆ ಮಾತು" ಅಂದರು. ಜಾಕ್ ಕೊಟ್ಟು ಚಕ್ರ ಬಿಚ್ಚಿದರು. ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಹಿಡಿಕೆ, ಅಂದರೆ ಕ್ಯಾಲಿಪರ್, ಎತ್ತಿ, ಬ್ರೇಕ್ ಪೈಪಿನ ಮೇಲೆ ಭಾರ ಬೀಳದ ಹಾಗೆ ತಂತಿಯಲ್ಲಿ ಕಟ್ಟಿ ನಿಲ್ಲಿಸಿದರು. ಎಡಚಕ್ರದ ಎರಡೂ ಪ್ಯಾಡ್ ತೆಗೆದು ನನ್ನ ಕೈಗೇ ಕೊಟ್ಟರು. ಹೊರಗಿನದು 6 ಮಿ.ಮೀ. ಇತ್ತು. ಒಳಗಿನದು 2 ಮಿ.ಮೀ. ಸಹ ಇರಲಿಲ್ಲ. ಬಲಚಕ್ರದ ಎರಡೂ 6. ಸಾಮಾನ್ಯವಾಗಿ 3 ಮಿ.ಮೀ.ಗೆ ಬಂದರೆ ಬದಲಿಸಲೇಬೇಕು ಅಂತಾರೆ. ಚಕ್ರದ ಸಂದಿಯಿಂದ ಇಣುಕಿದರೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ನಾನು ಅದನ್ನೇ ನೋಡಿ ಇನ್ನೂ ಬೇಕಾದಷ್ಟಿದೆ ಅಂದುಕೊಂಡಿದ್ದೆ.

ಒಂದೇ ಪ್ಯಾಡ್ ಯಾಕೆ ಸವೆಯಿತು? ನನಗೆ ಈ ಗ್ಯಾರೇಜ್ ಇಷ್ಟವಾಗಿದ್ದು ಆ ಪ್ರಶ್ನೆಯನ್ನು ಅವರೇ ಕೇಳಿಕೊಂಡರಲ್ಲ, ಅದಕ್ಕೆ. ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಆಚೀಚೆ ಜಾರಬೇಕು. ಪಿಸ್ಟನ್ ಇರುವುದು ಒಳಗಡೆ. ಅದು ಒಳಗಿನ ಪ್ಯಾಡನ್ನು ಒತ್ತಿದಾಗ ಇಡೀ ಕ್ಯಾಲಿಪರ್ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ನನ್ನ ಗಾಡಿಯಲ್ಲಿ ಒಂದು ಪಿನ್ನಿನ ರಬ್ಬರ್ ಹರಿದು, ನೀರು ಹೋಗಿ, ಪಿನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಜಾರದೆ, ಪೂರ್ತಿ ಬಿಡದೆ, ಒಳಗಿನ ಪ್ಯಾಡ್ ಸದಾ ಉಜ್ಜುತ್ತಲೇ ಇತ್ತು. ಹಿಂದಿನ ಸಲ ಪ್ಯಾಡ್ ಹಾಕಿದವರು ಆ ಪಿನ್ ಬಿಚ್ಚಿ ನೋಡಿದ್ದರೆ ಸಾಕಿತ್ತು.

ಆಮೇಲೆ ಡಿಸ್ಕ್. ಮೈಕ್ರೋಮೀಟರ್ ಹಿಡಿದು ಸುತ್ತಲೂ ಆರು ಕಡೆ ದಪ್ಪ ಅಳೆದರು. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಅಚ್ಚು ಹಾಕಿರುತ್ತಾರೆ. ತುಕ್ಕು ಒರೆಸಿ ಆ ಅಂಕಿ ತೋರಿಸಿದರು. ನನ್ನದು ಅದಕ್ಕಿಂತ 1 ಮಿ.ಮೀ. ಜಾಸ್ತಿಯೇ ಇತ್ತು. ಬಿರುಕಿಲ್ಲ, ಅಳತೆಯಲ್ಲಿ ಏರುಪೇರಿಲ್ಲ. ಬ್ರೇಕ್ ಹಾಕಿದಾಗ ಸ್ಟೇರಿಂಗ್ ನಡುಗುತ್ತದಾ ಅಂತ ಕೇಳಿದರು, ಇಲ್ಲ ಅಂದೆ. "ಹಾಗಾದ್ರೆ ಡಿಸ್ಕ್ ಯಾಕೆ ಸುಮ್ನೆ?" ಅಂದರು. ಹೊಸ ಡಿಸ್ಕ್ ಮಾರಿ ದುಡ್ಡು ಮಾಡಬಹುದಾಗಿದ್ದ ಮನುಷ್ಯ ಹೇಳಿದ ಮಾತು ಇದು. ನಾನು ಮರೆಯುವುದಿಲ್ಲ.

ಪೆಡಲ್ ಮೆತ್ತಗಾದದ್ದಕ್ಕೆ ಕಾರಣ ಬ್ರೇಕ್ ಆಯಿಲ್. ನನ್ನದು ಕಷಾಯದ ಬಣ್ಣಕ್ಕೆ ತಿರುಗಿತ್ತು. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿ ತನಕ ಕುದಿಯುವುದಿಲ್ಲ. ನೀರು ಸೇರಿದ ಮೇಲೆ ಅದು 155ರ ತನಕ ಇಳಿಯಬಹುದು. ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ, ನಾವು ಆ ಆವಿಯನ್ನು ಒತ್ತುತ್ತಾ ಕೂತಿರುತ್ತೇವೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ನಾನು ಐದು ವರ್ಷ ಮುಟ್ಟಿರಲಿಲ್ಲ.

ಎರಡೂ ಕಡೆಗೆ ಹೊಸ ಪ್ಯಾಡ್ ಹಾಕಿದರು. ಒಂದೇ ಚಕ್ರಕ್ಕೆ ಹಾಕಿದರೆ ಗಾಡಿ ಒಂದು ಕಡೆ ಎಳೆಯುತ್ತದೆ. ಎರಡೂ ಕಡೆ ಪಿನ್ ಉಜ್ಜಿ, ಹೊಸ ರಬ್ಬರ್ ಹಾಕಿ, ಸಿಲಿಕಾನ್ ಗ್ರೀಸ್ ಹಚ್ಚಿದರು. ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದಂತೆ. ಆಯಿಲ್ ಬದಲಿಸಿ ನಾಲ್ಕೂ ಚಕ್ರದ ಬ್ರೇಕ್ ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆದರು. ಹಿಂದಿನ ಚಕ್ರಗಳ ಬ್ರೇಕ್ ಡ್ರಮ್ ಬಿಚ್ಚಿ, ಅದರ ಒಳಗೆ ಉಜ್ಜಿ ನಿಲ್ಲಿಸುವ ಲೈನರ್ ನೋಡಿ, ದೂಳು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಗಾಡಿ ಹೊರಡುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಒತ್ತಿಸಿದರು. ಆಮೇಲೆ ಪಕ್ಕದಲ್ಲೇ ಕೂತು, ಖಾಲಿ ರಸ್ತೆಯಲ್ಲಿ ಹತ್ತು ಸಲ 50ರಿಂದ 15ಕ್ಕೆ ನಿಧಾನ ಮಾಡಿಸಿದರು, ಪೂರ್ತಿ ನಿಲ್ಲಿಸದೆ. ಹೊಸ ಪ್ಯಾಡ್ ಡಿಸ್ಕ್‌ಗೆ ಸರಿಯಾಗಿ ಕೂರುವುದು ಹಾಗೆ.

ಒಟ್ಟು 3,450 ರೂಪಾಯಿ. ಪ್ಯಾಡ್‌ಗೆ 1,700, ಉಳಿದದ್ದು ರಬ್ಬರ್, ಆಯಿಲ್, ಕೂಲಿ.

ಕೊರತೆ ಇಲ್ಲ ಅಂತಲ್ಲ. ಪ್ಯಾಡ್ ಅವರ ಹತ್ತಿರ ಇರಲಿಲ್ಲ, ಮೈಸೂರಿನಿಂದ ಬಸ್ಸಿನಲ್ಲಿ ಬರಬೇಕಾಯಿತು. ಗಾಡಿ ಎರಡು ದಿನ ಅಲ್ಲೇ. ಫೋನ್ ಎತ್ತುವುದೇ ಅಪರೂಪ. ಬಿಲ್ ಅಂದರೆ ಚೀಟಿ. ಮಳೆಯಲ್ಲಿ ಕಾಯಲು ಕೂರುವ ಜಾಗವೂ ಇಲ್ಲ. ಅವಸರ ಇದ್ದವರಿಗೆ ಕಷ್ಟ.

ಡಿಸೆಂಬರಿನಲ್ಲಿ, ಕಾಫಿ ಹಣ್ಣು ಕುಯ್ಯುವ ಗಡಿಬಿಡಿ ನಡುವೆಯೇ ಹೋಗಿ ಮತ್ತೆ ಚಕ್ರ ಬಿಚ್ಚಿಸಿದೆ. 10 ಮಿ.ಮೀ. ಇದ್ದ ಪ್ಯಾಡ್ ಎಡಗಡೆ ಒಳಗೂ ಹೊರಗೂ ಏಳೂವರೆ. ಸಮ ಸಮ. ನಾನೂ ಈಗ ಘಾಟಿಯಲ್ಲಿ ಹತ್ತುವ ಗೇರಿನಲ್ಲೇ ಇಳಿಯುತ್ತೇನೆ. ಮಳೆಗಾಲದ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟರೆ ಲೈನರ್ ಡ್ರಮ್ಮಿಗೆ ಕಚ್ಚುತ್ತದೆ ಅಂದಿದ್ದರು, ಹಾಗಾಗಿ ಮನೆಯಲ್ಲಿ ಗೇರ್ ಹಾಕಿ ಚಕ್ರಕ್ಕೆ ಕಲ್ಲು ಕೊಡುತ್ತೇನೆ. ಡಿಸೆಂಬರಿನಲ್ಲಿ ಚಕ್ರ ಬಿಚ್ಚಿ ನೋಡಿದ್ದಕ್ಕೆ ಅವರು ದುಡ್ಡು ತಗೊಳ್ಳಲಿಲ್ಲ.

ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ. ಶುಕ್ರವಾರ ಬೇಡ, ಮಡಿಕೇರಿ ಸಂತೆ ದಿನ, ತೋಟದ ಜೀಪುಗಳೇ ಸಾಲಾಗಿ ನಿಂತಿರುತ್ತವೆ.