ಟಾವೊಬಾವೊ, ಜಿಂಗ್‌ಡಾಂಗ್, ಪಿಂದುವೊದುವೊ: ಚೀನಾದಲ್ಲಿ ಯಾವ ಸಾಮಾನು ಎಲ್ಲಿ ಕೊಳ್ಳಬೇಕು

ಒಂದೇ ಸಾಮಾನನ್ನು ಮೂರೂ ಆ್ಯಪ್‌ಗಳಲ್ಲಿ ಹುಡುಕಿದರೆ ಸಾಮಾನ್ಯವಾಗಿ ಪಿಂದುವೊದುವೊದಲ್ಲಿ ಬೆಲೆ ಕಡಿಮೆ, ಜಿಂಗ್‌ಡಾಂಗ್‌ನಲ್ಲಿ ಹೆಚ್ಚು, ಟಾವೊಬಾವೊ ಇವೆರಡರ ನಡುವೆ. ಇಷ್ಟೇ ನೋಡಿ ಕೊಂಡರೆ ಕೈ ಸುಡುತ್ತದೆ. ಸಾಮಾನು ಸರಿಯಿಲ್ಲದಾಗ ಹೊರೆ ಯಾರ ತಲೆಗೆ ಬೀಳುತ್ತದೆ ಎಂಬುದೂ ಈ ಅಂತರದಲ್ಲಿ ಅಡಗಿರುತ್ತದೆ. ಹಾಗಾಗಿ ಮೂರನ್ನೂ ಬಳಸಿದ ಮೇಲೆ ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ಅಳೆಯುತ್ತೇನೆ: ಬಂದದ್ದು ಬೇಡವಾದರೆ ವಾಪಸ್ ಕಳಿಸಿ ದುಡ್ಡು ಪಡೆಯಲು ಎಷ್ಟು ಒದ್ದಾಡಬೇಕು?

ಹಿಂದೆ ಈ ಹೋಲಿಕೆಯೇ ಕಷ್ಟವಿತ್ತು. ‘ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ’, ಅಂದರೆ ನಮ್ಮಲ್ಲಿ ಮಾರಿದರೆ ಎದುರಾಳಿ ಆ್ಯಪ್‌ನಲ್ಲಿ ಮಾರಬೇಡಿ ಎಂದು ಬ್ರ್ಯಾಂಡ್‌ಗಳ ಮೇಲೆ ಒತ್ತಡ ಹೇರುವ ಪದ್ಧತಿ ಇತ್ತು. 2021ರ ಏಪ್ರಿಲ್‌ನಲ್ಲಿ ಚೀನಾದ ಮಾರುಕಟ್ಟೆ ನಿಯಂತ್ರಣ ಆಡಳಿತವು ಇದೇ ಕಾರಣಕ್ಕೆ ಟಾವೊಬಾವೊದ ಒಡೆತನ ಹೊಂದಿರುವ ಅಲಿಬಾಬಾಗೆ 1,822.8 ಕೋಟಿ ಯುವಾನ್ ದಂಡ ಹಾಕಿತು. ಕಂಪನಿಯ 2019ರ ದೇಶೀಯ ವಹಿವಾಟಿನ ಶೇ. 4ರಷ್ಟು ಮೊತ್ತ ಅದು. ಈಗ ಒಂದೇ ಬ್ರ್ಯಾಂಡಿನ ಅಧಿಕೃತ ಅಂಗಡಿ ಮೂರೂ ಕಡೆ ಸಿಗುವುದು ಸಾಮಾನ್ಯ. ಸರ್ಕಾರದ ಕೈವಾಡ ಎಂದರೆ ನಮ್ಮಲ್ಲಿ ಮೂಗು ಮುರಿಯುವವರಿದ್ದಾರೆ, ಆದರೆ ಇದರಿಂದ ಗ್ರಾಹಕರಿಗೆ ನೇರ ಲಾಭವಾಯಿತು ಎಂದೇ ನನ್ನ ಅಭಿಪ್ರಾಯ.

ಕಾನೂನು ಮೂರಕ್ಕೂ ಒಂದೇ. 2014ರ ಮಾರ್ಚ್ 15ರಿಂದ ಜಾರಿಯಲ್ಲಿರುವ ತಿದ್ದುಪಡಿಯಾದ ಗ್ರಾಹಕ ರಕ್ಷಣಾ ಕಾಯ್ದೆಯ 25ನೇ ಕಲಮಿನ ಪ್ರಕಾರ, ಆನ್‌ಲೈನಿನಲ್ಲಿ ಕೊಂಡದ್ದನ್ನು ಕೈಸೇರಿದ 7 ದಿನದೊಳಗೆ ಕಾರಣ ಹೇಳದೆ ಹಿಂದಿರುಗಿಸಬಹುದು. ಹೇಳಿ ಮಾಡಿಸಿದ ವಸ್ತು, ಬೇಗ ಕೆಡುವ ತಾಜಾ ಪದಾರ್ಥ, ಪೊಟ್ಟಣ ಬಿಚ್ಚಿದ ಸಾಫ್ಟ್‌ವೇರ್, ದಿನಪತ್ರಿಕೆ ಇವಕ್ಕೆ ಅನ್ವಯಿಸದು. ಬೇರೆ ಒಪ್ಪಂದ ಇಲ್ಲದಿದ್ದರೆ ವಾಪಸ್ ಕಳಿಸುವ ಸಾಗಣೆ ಖರ್ಚು ಕೊಂಡವರದ್ದು. ಮೂರೂ ಆ್ಯಪ್‌ಗಳ ನಿಜವಾದ ವ್ಯತ್ಯಾಸ ಕಾಣುವುದು ಈ ಕೊನೆಯ ಸಾಲನ್ನು ಯಾರು ಹೇಗೆ ನಿಭಾಯಿಸುತ್ತಾರೆ ಎಂಬಲ್ಲಿ.

ಖಾತೆ ತೆರೆಯುವಾಗ ನಮ್ಮವರು ಸಿಕ್ಕಿಬೀಳುವುದು ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇದ್ದರೆ, ಅಥವಾ ಅಪ್ಪನ ಹೆಸರು ಅಲ್ಲಿ ಕೂತಿದ್ದರೆ, ಬ್ಯಾಂಕಿನವರು ಒಂದು ಕ್ರಮದಲ್ಲಿ, ಸಿಮ್ ಕೊಟ್ಟವರು ಇನ್ನೊಂದು ಕ್ರಮದಲ್ಲಿ ಬರೆದುಕೊಂಡಿರುತ್ತಾರೆ. ಪಾವತಿ ಆ್ಯಪ್‌ಗಳಾದ ಅಲಿಪೇ ಅಥವಾ ವಿಚ್ಯಾಟ್ ಪೇಗೆ ಚೀನಿ ಬ್ಯಾಂಕ್ ಕಾರ್ಡ್ ಜೋಡಿಸುವಾಗ ಅಕ್ಷರ, ನಡುವಿನ ಖಾಲಿ ಜಾಗ, ಹೆಸರುಗಳ ಕ್ರಮ ಎಲ್ಲವೂ ಬ್ಯಾಂಕಿನ ದಾಖಲೆಗೆ ಸರಿಹೊಂದಬೇಕು. ಬ್ಯಾಂಕಿನಲ್ಲಿ ಖಾತೆ ತೆರೆದ ದಿನವೇ ಅವರ ಪರದೆಯಲ್ಲಿ ಹೆಸರು ಹೇಗಿದೆ ಎಂದು ನೋಡಿ ಹಾಗೇ ಬರೆದಿಟ್ಟುಕೊಳ್ಳಿ. 2024ರ ಸೆಪ್ಟೆಂಬರ್‌ನಿಂದ ಟಾವೊಬಾವೊದಲ್ಲೂ ವಿಚ್ಯಾಟ್ ಪೇ ನಡೆಯುವುದರಿಂದ, ಒಂದು ಪಾವತಿ ಆ್ಯಪ್ ಸರಿಯಾಗಿದ್ದರೂ ಕೆಲಸ ಸಾಗುತ್ತದೆ.

ಜಿಂಗ್‌ಡಾಂಗ್: ವಿದ್ಯುತ್ತಿನಿಂದ ನಡೆಯುವುದೆಲ್ಲ

ಇಲ್ಲಿ ನೋಡಬೇಕಾದದ್ದು ಒಂದೇ ಗುರುತು: ಹೆಸರಿನ ಮುಂದೆ ಇರುವ ಸಣ್ಣ ಕೆಂಪು ‘ಝಿಯಿಂಗ್’ ಪಟ್ಟಿ. ಇದ್ದರೆ ಮಾರುವುದು ಜಿಂಗ್‌ಡಾಂಗ್ ತಾನೇ, ಗೋದಾಮು ಅದರದ್ದೇ, ತಂದುಕೊಡುವವರೂ ಅದರವರೇ. ಇಲ್ಲದಿದ್ದರೆ ಅದು ಹೊರಗಿನವರ ಅಂಗಡಿ, ಅಲ್ಲಿ ಜಿಂಗ್‌ಡಾಂಗ್ ಬೆಲೆ ಕೊಟ್ಟು ಟಾವೊಬಾವೊ ಸೇವೆ ಪಡೆದಂತೆ. ಹುಡುಕಾಟದ ಫಲಿತಾಂಶದಲ್ಲಿ ಎರಡೂ ಬೆರೆತು ಬರುತ್ತವೆ, ಮೊದಲು ಸೋಸಿಕೊಳ್ಳಿ.

ಕಂಪನಿ 2007ರಿಂದ ಸ್ವಂತ ಸಾಗಣೆ ವ್ಯವಸ್ಥೆ ಕಟ್ಟಿಕೊಂಡು ಬಂದಿದೆ. 2010ರಲ್ಲಿ ಶುರುವಾದ ‘211’ ಪದ್ಧತಿಯಂತೆ ಬೆಳಿಗ್ಗೆ 11ರ ಮೊದಲು ಆರ್ಡರ್ ಕೊಟ್ಟರೆ ಅದೇ ದಿನ, ರಾತ್ರಿ 11ರ ಮೊದಲು ಕೊಟ್ಟರೆ ಮರುದಿನ ಮಧ್ಯಾಹ್ನ 3ರೊಳಗೆ ಬರುತ್ತದೆ, ನಿಮ್ಮ ವಿಳಾಸ ಆ ವ್ಯಾಪ್ತಿಯಲ್ಲಿದ್ದರೆ. 2023ರ ಆಗಸ್ಟ್‌ನಲ್ಲಿ ಉಚಿತ ಸಾಗಣೆಯ ಮಿತಿ 99 ಯುವಾನ್‌ನಿಂದ 59ಕ್ಕೆ ಇಳಿಯಿತು. ಕೊಂಡ ಮೇಲೆ ಬೆಲೆ ಇಳಿದರೆ, ಆ ಸಾಮಾನಿಗೆ ಬೆಲೆ ರಕ್ಷಣೆ ಇದ್ದಲ್ಲಿ, ಆರ್ಡರಿನ ಪುಟದಿಂದಲೇ ವ್ಯತ್ಯಾಸದ ಹಣ ಕೇಳಬಹುದು. ಜೂನ್ 18 ಮತ್ತು ನವೆಂಬರ್ 11ರ ಮಾರಾಟ ಹಬ್ಬಗಳ ಆಸುಪಾಸಿನಲ್ಲಿ ಇದನ್ನು ಎರಡು ಮೂರು ಸಲ ಒತ್ತಿ ನೋಡುವುದು ಒಳ್ಳೆಯದು.

ಚಾರ್ಜರ್, ಪವರ್ ಬ್ಯಾಂಕ್, ರೈಸ್ ಕುಕ್ಕರ್, ಗೀಸರ್ ಇವನ್ನು ನಾನು ಬೇರೆಡೆ ಕೊಳ್ಳಿ ಎನ್ನುವುದಿಲ್ಲ. ಇ-ಬಿಲ್ಲು ಕೇಳದೆಯೇ ಖಾತೆಗೆ ಬರುತ್ತದೆ, ವಾರಂಟಿಗೆ ಅದೇ ಆಧಾರ. ಮೊಬೈಲ್‌ಗೆ ರಾಷ್ಟ್ರೀಯ ನಿಯಮ ಹೀಗಿದೆ: ದೋಷವಿದ್ದರೆ 7 ದಿನದೊಳಗೆ ವಾಪಸ್, 15 ದಿನದೊಳಗೆ ಬದಲಿ, 1 ವರ್ಷ ದುರಸ್ತಿ. ಆದರೆ ಕಾರಣವಿಲ್ಲದ ವಾಪಸಾತಿ ಬೇರೆ ವಿಷಯ. ಆನ್ ಮಾಡಿ ಸಕ್ರಿಯಗೊಳಿಸಿದ ಫೋನಿಗೆ ಅದು ಸಿಗದು ಎಂದು ಹಲವು ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಬಣ್ಣ, ಗಾತ್ರದ ಬಗ್ಗೆ ಅನುಮಾನವಿದ್ದರೆ ಆನ್ ಮಾಡುವ ಮೊದಲೇ ನಿರ್ಧರಿಸಿ.

ಪವರ್ ಬ್ಯಾಂಕ್ ವಿಷಯದಲ್ಲಿ ಇನ್ನೂ ಒಂದು ಎಚ್ಚರ. 2025ರ ಜೂನ್ 28ರಿಂದ ಚೀನಾದ ದೇಶೀಯ ವಿಮಾನಗಳಲ್ಲಿ 3ಸಿ (ಚೀನಾದ ಕಡ್ಡಾಯ ಸುರಕ್ಷತಾ ಪ್ರಮಾಣೀಕರಣ) ಗುರುತು ಇಲ್ಲದ, ಗುರುತು ಮಸುಕಾದ ಪವರ್ ಬ್ಯಾಂಕ್ ಒಯ್ಯುವಂತಿಲ್ಲ. ಊರಿಗೆ ಹೊರಟವರು ಚೆಂಗ್ಡುನಿಂದ ಗುವಾಂಗ್‌ಝೌಗೆ ಹಾರಿ ಅಲ್ಲಿಂದ ವಿಮಾನ ಬದಲಿಸುವುದಿದ್ದರೆ, ಭಾರತದಿಂದ ತಂದ ಪವರ್ ಬ್ಯಾಂಕ್ ಮೊದಲ ವಿಮಾನದ ತಪಾಸಣೆಯಲ್ಲೇ ಉಳಿದುಹೋಗುತ್ತದೆ.

ಏರ್ ಕಂಡೀಷನರ್ ಕೊಳ್ಳುವವರು ‘ಉಚಿತ ಜೋಡಣೆ’ ಎಂಬುದನ್ನು ಪೂರ್ತಿ ನಂಬಬೇಡಿ. ಹೊರಗಿನ ಘಟಕದ ಕಬ್ಬಿಣದ ಆಧಾರ, ಪೆಟ್ಟಿಗೆಯಲ್ಲಿ ಬಂದದ್ದಕ್ಕಿಂತ ಉದ್ದದ ತಾಮ್ರದ ಕೊಳವೆ, ಗೋಡೆ ಕೊರೆಯುವುದು ಇವಕ್ಕೆ ಬೇರೆ ದರ. ಆ ದರಪಟ್ಟಿ ಸಾಮಾನಿನ ಪುಟದ ಕೆಳಗೆ ಇರುತ್ತದೆ. ಕೆಲಸದವರು ಬರುವ ಮುನ್ನ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಸರ್ಕಾರಿ ಸಹಾಯಧನ ಕಳೆದ ಬೆಲೆ ದೊಡ್ಡದಾಗಿ ಕಾಣಿಸಿದರೆ ಲೆಕ್ಕ ಹಾಕುವ ಮೊದಲು ತಡೆಯಿರಿ. 2025ರ ಜನವರಿಯಿಂದ 6,000 ಯುವಾನ್ ಮೀರದ ಫೋನ್, ಟ್ಯಾಬ್‌ಗಳಿಗೆ ಶೇ. 15, ಗರಿಷ್ಠ 500 ಯುವಾನ್ ಸಹಾಯಧನ ಕೊಟ್ಟರು. ಅದಕ್ಕೆ ಗುರುತಿನ ದೃಢೀಕರಣ ಬೇಕು. ಇಂಥ ಬೆಲೆ ಕಂಡಾಗ ಪಾಸ್‌ಪೋರ್ಟ್ ಮಾತ್ರ ಇರುವವರು ಸಹಾಯಧನ ಇಲ್ಲದ ಬೆಲೆಯನ್ನೇ ಹೋಲಿಕೆಗೆ ಇಟ್ಟುಕೊಳ್ಳಬೇಕು.

ಟಾವೊಬಾವೊ: ಬಟ್ಟೆ, ಚಪ್ಪಲಿ, ಎಲ್ಲೂ ಸಿಗದ ಬಿಡಿಭಾಗ

2003ರಲ್ಲಿ ಶುರುವಾದ ಇದರಲ್ಲಿ ಸಣ್ಣ ಅಂಗಡಿಗಳೂ ಅಲಿಬಾಬಾದ್ದೇ ಆದ ಟಿಮಾಲ್ ತಾಣದ ಬ್ರ್ಯಾಂಡ್ ಅಂಗಡಿಗಳೂ ಒಟ್ಟಿಗೆ ಇವೆ. ಬಟ್ಟೆಗೆ ನಾನು ಇದನ್ನೇ ಮೇಲಿಡುವುದು ‘ವಾಪಸಾತಿ ಸಾಗಣೆ ವಿಮೆ’ಗಾಗಿ. ಅಂಗಡಿ ಈ ವಿಮೆ ಮಾಡಿಸಿದ್ದರೆ ಪುಟದಲ್ಲೇ ಬರೆದಿರುತ್ತದೆ, ಕೊರಿಯರ್‌ನವರು ಬಾಗಿಲಿಗೆ ಬಂದು ಒಯ್ಯುತ್ತಾರೆ. ವಿಮೆ ಸಾಮಾನ್ಯವಾಗಿ ಮೊದಲ ಕಿಲೋ ತೂಕದ ದರವನ್ನು ಮಾತ್ರ ಭರಿಸುತ್ತದೆ. ಚಳಿಗಾಲದ ದಪ್ಪ ಕೋಟು, ಬೂಟು ಇದ್ದರೆ ಉಳಿದದ್ದು ಕೈಯಿಂದ.

ಅರ್ಜಿ ಹಾಕುವಾಗ ಕಾರಣದ ಪಟ್ಟಿಯಲ್ಲಿ ಜನ ಎಡವುತ್ತಾರೆ. ಅಳತೆ ಹಿಡಿಸದಿದ್ದರೆ ‘7 ದಿನ, ಕಾರಣವಿಲ್ಲ’ ಎಂದೇ ಆರಿಸಿ. ‘ಗುಣಮಟ್ಟ ಸರಿಯಿಲ್ಲ’ ಎಂದು ಒತ್ತಿದರೆ ಅಂಗಡಿಯ ಅಂಕ ಕುಸಿಯುತ್ತದೆ, ಅವರು ಪುರಾವೆ ಕೇಳುತ್ತಾ ದಿನ ತಳ್ಳುತ್ತಾರೆ. ನಿಜವಾಗಿ ಹರಿದಿದ್ದರೆ ಮಾತ್ರ ಅದನ್ನು ಆರಿಸಿ, ಫೋಟೊ ಜೊತೆಗೆ ಹಾಕಿ. ಕಳಿಸಿದ ಮೇಲೆ ಕೊರಿಯರ್ ಸಂಖ್ಯೆ ತಾನಾಗಿ ತುಂಬಿದೆಯೇ ನೋಡಿ. ಅದು ಖಾಲಿ ಉಳಿದರೆ ಗಡುವು ಮುಗಿದು ಅರ್ಜಿ ಮುಚ್ಚಿಹೋಗುತ್ತದೆ.

ಚೀನಿ ಭಾಷೆ ಓದಲು ಬಾರದವರಿಗೆ ಇದರ ಫೋಟೊ ಹುಡುಕಾಟ ವರದಾನ. ಮಿಕ್ಸಿಯ ಜಾರಿನ ತಳದ ರಬ್ಬರ್ ಕಪ್ಲರ್ ಸವೆದರೆ ಅದರ ಪಕ್ಕ ಸ್ಕೇಲ್ ಇಟ್ಟು ಫೋಟೊ ತೆಗೆದು ಹುಡುಕಿ, ಮಾರುವವರಿಗೆ ಅದನ್ನೇ ಕಳಿಸಿ ಹಲ್ಲುಗಳ ಸಂಖ್ಯೆ ಮತ್ತು ವ್ಯಾಸವನ್ನು ಮಿಲಿಮೀಟರಿನಲ್ಲಿ ಬರೆಯಿರಿ. ಕುಕ್ಕರಿನ ಗ್ಯಾಸ್ಕೆಟ್ ಮಾತ್ರ ಊರಿನಿಂದಲೇ ತನ್ನಿ. ಇಲ್ಲಿನವು ಹೊರಮುಚ್ಚಳದ ಕುಕ್ಕರಿಗೆಂದು ಮಾಡಿದ ಸಿಲಿಕಾನ್ ಉಂಗುರಗಳು. ನಮ್ಮ ಒಳಮುಚ್ಚಳದ ಕುಕ್ಕರಿನಲ್ಲಿ ವ್ಯಾಸ ಕೂಡಿದರೂ ಅಡ್ಡಕೊಯ್ತದ ಆಕಾರ ಕೂಡುವುದಿಲ್ಲ, ಅಂಚಿನಿಂದ ಹಬೆ ಸೋರುತ್ತದೆ. ಒತ್ತಡ ನಿಲ್ಲದ ಕುಕ್ಕರನ್ನು ಹಾಗೇ ಬಳಸಬೇಡಿ.

ಪಿಂದುವೊದುವೊ: ತೆಂಗಿನಕಾಯಿ, ಶುಂಠಿ, ಕಾಳು

2015ರಲ್ಲಿ ಬಂದ ಇದರ ಮೂಲ ಉಪಾಯ ಗುಂಪಿನಲ್ಲಿ ಕೊಳ್ಳುವುದು. ಪುಟದಲ್ಲಿ ಎರಡು ಬೆಲೆ ಇರುತ್ತವೆ, ಒಬ್ಬರೇ ಕೊಂಡರೆ ಹೆಚ್ಚು, ಗುಂಪಿಗೆ ಕಡಿಮೆ. ಅಪರಿಚಿತರು ಆಗಲೇ ತೆರೆದ ಗುಂಪಿಗೆ ಸೇರಿಕೊಂಡರಾಯಿತು. ‘ಗೆಳೆಯರನ್ನು ಕರೆಸಿ, ಉಚಿತವಾಗಿ ಪಡೆಯಿರಿ’ ಎಂಬ ಆಟಗಳಿಗೆ ಕೈ ಹಾಕಬೇಡಿ. ಕೊನೆಯ ಚೂರು ಮೊತ್ತ ತುಂಬಲು ಇನ್ನಷ್ಟು ಜನರನ್ನು ಕೇಳುತ್ತಲೇ ಹೋಗುತ್ತದೆ.

ತೋಟದಿಂದ ನೇರ ಬರುವ ಪದಾರ್ಥಕ್ಕೆ ಇದನ್ನು ಮೀರಿಸಿದ್ದಿಲ್ಲ. ಹೈನಾನ್‌ನ ಬಲಿತ ತೆಂಗಿನಕಾಯಿ, ಹಸಿ ಶುಂಠಿ, ಕಡಲೆಕಾಯಿ, ಹೆಸರುಕಾಳು ಅಗ್ಗವಾಗಿ ಸಿಗುತ್ತವೆ. ಎಳನೀರೂ ಬಲಿತ ಕಾಯೂ ಒಂದೇ ಹುಡುಕಾಟದಲ್ಲಿ ಬರುತ್ತವೆ, ಚಟ್ನಿಗೆ ಬೇಕಾದದ್ದು ಕಂದು ಸಿಪ್ಪೆಯದ್ದು. ತೂಕವನ್ನು ಜಿನ್‌ನಲ್ಲಿ ಬರೆಯುತ್ತಾರೆ, 1 ಜಿನ್ ಎಂದರೆ 500 ಗ್ರಾಂ. 5 ಜಿನ್ ಎಂದದ್ದನ್ನು 5 ಕಿಲೋ ಎಂದುಕೊಂಡು ಅಗ್ಗ ಎನ್ನುವವರಿದ್ದಾರೆ. ಅದರ ಜೊತೆಗೆ ‘ಮಾವ್‌ಝೊಂಗ್’ ಎಂದಿದ್ದರೆ ಪೆಟ್ಟಿಗೆ, ತುಂಬುವ ಕಾಗದ ಸೇರಿದ ತೂಕ. ‘ಜಿಂಗ್‌ಝೊಂಗ್’ ಎಂದಿದ್ದರೆ ಪದಾರ್ಥದ್ದೇ ತೂಕ. ಪಟ್ಟಿಯಲ್ಲಿ ಕಾಣುವ ಅತಿ ಕಡಿಮೆ ಬೆಲೆ ಬಹಳ ಸಲ ಅತಿ ಸಣ್ಣ ಕಾಯಿಗೋ ಒಂದೇ ತುಂಡಿಗೋ ಸೇರಿದ್ದು. ಆಯ್ಕೆ ಒತ್ತಿದ ಮೇಲೆ ಬರುವ ಬೆಲೆಯನ್ನೇ 500 ಗ್ರಾಂಗೆ ಭಾಗಿಸಿ ಹೋಲಿಸಿ.

ತಾಜಾ ಪದಾರ್ಥಕ್ಕೆ 7 ದಿನದ ಹಕ್ಕಿಲ್ಲ, ಬದಲಿಗೆ ‘ಕೆಟ್ಟದ್ದಕ್ಕೆ ಪರಿಹಾರ’ ಎಂಬ ಭರವಸೆ ಇರುತ್ತದೆ. ಗಡುವು ಹೆಚ್ಚಾಗಿ 24 ಅಥವಾ 48 ಗಂಟೆ, ಸಹಿ ಬಿದ್ದ ಹೊತ್ತಿನಿಂದ ಎಣಿಕೆ. ಪಾರ್ಸೆಲ್ ಸಂಗ್ರಹ ಕೇಂದ್ರದಲ್ಲಿ ಎರಡು ದಿನ ಕೂತರೆ ಅಲ್ಲೇ ಗಡುವು ಕಳೆದುಹೋಗುತ್ತದೆ. 2024ರ ಮಾರ್ಚ್ 1ರಿಂದ ಜಾರಿಯಾದ ಕೊರಿಯರ್ ನಿಯಮದಂತೆ ಒಪ್ಪಿಗೆ ಇಲ್ಲದೆ ಕೇಂದ್ರದಲ್ಲಿ ಇಟ್ಟುಹೋಗುವಂತಿಲ್ಲ, ಮನೆಗೇ ತರಲು ವಿಳಾಸದ ಟಿಪ್ಪಣಿಯಲ್ಲಿ ಬರೆಯಿರಿ. ಒಡೆದ ಕಾಯಿ, ಒಳ್ಳೆಯ ಕಾಯಿ, ಪಾರ್ಸೆಲ್ಲಿನ ಚೀಟಿ ಮೂರೂ ಒಂದೇ ಫೋಟೊದಲ್ಲಿ ಇರಬೇಕು.

ಸಾಮಾನು ಇಟ್ಟುಕೊಂಡೇ ಹಣ ವಾಪಸ್ ಪಡೆಯುವ ಪದ್ಧತಿಯನ್ನು 2021ರಲ್ಲಿ ತಂದದ್ದು ಇದೇ ಆ್ಯಪ್. 2023ರ ಕೊನೆಗೆ ಉಳಿದೆರಡೂ ಹಿಂಬಾಲಿಸಿದವು. ಸಣ್ಣ ವ್ಯಾಪಾರಿಗಳು ಇದರಿಂದ ನಲುಗಿದರು, 2025ರಲ್ಲಿ ಮೂರೂ ಹಿಂದೆ ಸರಿಯತೊಡಗಿದವು. ಹಳೆಯ ಸಲಹೆ ನಂಬಿ ಈಗಲೂ ಅದನ್ನೇ ಕೇಳಬೇಡಿ. ಕೆಟ್ಟದ್ದು ಎಷ್ಟೋ ಅಷ್ಟಕ್ಕೆ ಕೇಳಿದರೆ ಬೇಗ ಬರುತ್ತದೆ, ಬೆಳೆದವರಿಗೂ ನ್ಯಾಯ.

ಜಗಳವಾದರೆ

ಮೊದಲು ಅಂಗಡಿಯ ಚಾಟ್, ಆಮೇಲೆ ಆರ್ಡರಿನ ಪುಟದಲ್ಲಿ ಆ್ಯಪ್‌ನವರ ಮಧ್ಯಪ್ರವೇಶ ಕೇಳುವ ಗುಂಡಿ. ಫೋನಿನಲ್ಲಿ ಮಾತಾಡಿದ್ದಕ್ಕೆ ದಾಖಲೆ ಇರುವುದಿಲ್ಲ, ಎಲ್ಲವನ್ನೂ ಚಾಟಿನಲ್ಲೇ ಬರೆಯಿರಿ. ಬೆಲೆಬಾಳುವ ಸಾಮಾನಾದರೆ ಪೆಟ್ಟಿಗೆಯ ಚೀಟಿ ಕಾಣುವಂತೆ ಶುರುಮಾಡಿ ನಡುವೆ ನಿಲ್ಲಿಸದೆ ತೆರೆಯುವ ವಿಡಿಯೊ ಇರಲಿ. ಅದಕ್ಕೂ ಬಗ್ಗದಿದ್ದರೆ ಸರ್ಕಾರದ ಗ್ರಾಹಕ ದೂರು ಸಂಖ್ಯೆ 12315. ಕರೆ ಮಾಡಬಹುದು, ಅದರ ಜಾಲತಾಣದಲ್ಲೂ ದೂರು ಕೊಡಬಹುದು. ಅಂಗಡಿಯ ಅಲಂಕಾರದ ಹೆಸರು ಅಲ್ಲಿ ನಡೆಯದು, ನೋಂದಾಯಿತ ಹೆಸರೇ ಬೇಕು. ವ್ಯಾಪಾರ ಪರವಾನಗಿಯನ್ನು ಅಂಗಡಿಯ ಪುಟದಲ್ಲಿ ತೋರಿಸುವುದು 2019ರ ಇ-ವಾಣಿಜ್ಯ ಕಾಯ್ದೆಯಂತೆ ಕಡ್ಡಾಯ, ಅಲ್ಲಿಂದ ನಕಲಿಸಿಕೊಳ್ಳಿ. ದೂರು ತೆಗೆದುಕೊಳ್ಳುವುದೋ ಇಲ್ಲವೋ ಎಂದು 7 ಕೆಲಸದ ದಿನಗಳಲ್ಲಿ ತಿಳಿಸಬೇಕು. ವಂಚನೆ ಎಂದು ಸಾಬೀತಾದರೆ ಕೊಟ್ಟ ಹಣದ ಜೊತೆಗೆ ಬೆಲೆಯ ಮೂರು ಪಟ್ಟು ಪರಿಹಾರ, ಅದು 500 ಯುವಾನ್‌ಗಿಂತ ಕಡಿಮೆಯಾದರೆ 500. ಸುರಕ್ಷತಾ ಮಾನದಂಡಕ್ಕೆ ಹೊಂದದ ಆಹಾರವಾದರೆ ಬೆಲೆಯ ಹತ್ತು ಪಟ್ಟು, ಕನಿಷ್ಠ 1,000 ಯುವಾನ್. ದೂರು ಬರೆಯುವಾಗ ಯಾವುದನ್ನು ಕೇಳುತ್ತಿದ್ದೀರಿ ಎಂದು ಮೊತ್ತ ಸಮೇತ ಒಂದೇ ಸಾಲಿನಲ್ಲಿ ಬರೆಯಿರಿ, ಉಳಿದ ವಿವರ ಅದರ ಕೆಳಗೆ.